ಪಂಚಾಯ್ತಿ ಪಕ್ಕದ ಲೈಬ್ರರಿ

ದಸರಾ ರಜೆಗೆ ಊರಿಗೆ ಹೋಗಿದ್ವಿ, ತಿಪಟೂರಿನ ಹತ್ರ. ಎರಡನೇ ದಿನವೇ ನಾಲ್ಕು ವರ್ಷದ ಮಗಳು 'ಅಪ್ಪಾ, ಫೋನ್ ಕೊಡು' ಅಂತ ಹಟ ಶುರು ಮಾಡಿದಳು. ಕೈ ಹಿಡ್ಕೊಂಡು ತೆಂಗಿನ ತೋಟ ದಾಟಿ ಪಂಚಾಯ್ತಿ ಆಫೀಸಿನ ಕಡೆ ನಡೆದೆ.

ಪಕ್ಕದಲ್ಲೇ ಲೈಬ್ರರಿ. ನಾನು ಹುಡುಗನಾಗಿದ್ದಾಗ ಪೇಪರ್ ಓದೋ ಹಿರಿಯರು ಮಾತ್ರ ಕೂರ್ತಿದ್ದ ಜಾಗ. ಈಗ ಬೋರ್ಡಿನಲ್ಲಿ 'ಅರಿವು ಕೇಂದ್ರ' ಅಂತಿದೆ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತ. ಮಗಳಿಗಿನ್ನೂ ಆ ವಯಸ್ಸಾಗಿಲ್ಲ. ಆದ್ರೂ ಮೇಲ್ವಿಚಾರಕರು 'ಕೂತ್ಕೊ ಪುಟ್ಟಿ' ಅಂತ ಚಾಪೆ ತೋರಿಸಿದರು.

ಚಿತ್ರದ ಪುಸ್ತಕವೊಂದನ್ನು ತಂದು ನನ್ನ ತೊಡೆ ಮೇಲಿಟ್ಟು 'ಓದು' ಅಂದಳು. ಕನ್ನಡ ಗಟ್ಟಿಯಾಗಿ ಓದಿ ಎಷ್ಟು ವರ್ಷವಾಗಿತ್ತೋ, ಒತ್ತಕ್ಷರ ಬಂದಲ್ಲೆಲ್ಲ ತಡವರಿಸಿದೆ. ಪಕ್ಕದಲ್ಲಿದ್ದ ಮೂರನೇ ಕ್ಲಾಸಿನ ಹುಡುಗಿ 'ಅಂಕಲ್, ನಾನು ಓದ್ಲಾ?' ಅಂತ ಪುಸ್ತಕ ತಗೊಂಡಳು. ಮಗಳು ಅವಳಿಗೆ ಒತ್ತಿ ಕೂತು ತಾನೇ ಪುಟ ತಿರುಗಿಸಿದಳು. ಒಂದಕ್ಷರ ಗೊತ್ತಿಲ್ಲ, ಕಥೆ ಮುಗಿದಾಗ ಮಾತ್ರ 'ಇನ್ನೊಂದು' ಅಂದಳು. ಅಕ್ಷರ ಕಲಿಸೋಕೆ ಆ್ಯಪ್ ಹಾಕಿಕೊಟ್ಟಿದ್ದ ನಾನು ಕಥೆ ಓದಿ ಹೇಳೋದನ್ನೇ ಮರೆತಿದ್ದೆ.

ಬೆಂಗಳೂರಲ್ಲಿ ಆಸ್ತಿ ತೆರಿಗೆ ಮೇಲೆ ಶೇ 6 ಗ್ರಂಥಾಲಯ ಸೆಸ್ ಕಟ್ತೀವಿ. ನಮ್ಮ ಏರಿಯಾದ ಲೈಬ್ರರಿ ಎಲ್ಲಿದೆ ಅಂತ ಮಾತ್ರ ನೋಡಿರಲಿಲ್ಲ. ಈ ವಾರ ಹುಡುಕ್ಕೊಂಡು ಹೊರಟಿದ್ದೀವಿ, ಅಪ್ಪ ಮಗಳು. ನಿಮ್ಮದು ಎಲ್ಲಿದೆ, ಗೊತ್ತಾ?