ಮರಳಿನ ಊರು, ನೀರಿನ ಊರು

ಹುಣಸೂರಿನಿಂದ ನಾವು ಎಂಟು ಮಂದಿ ಕೆಲವು ಭಾನುವಾರ ಚರಿತ್ರೆ ಹುಡುಕಿಕೊಂಡು ಹೊರಡುತ್ತೇವೆ. ತಲಕಾಡು ಸುಲಭ. ಗಂಗರ ರಾಜಧಾನಿ ಮರಳಿನಡಿ ಹೂತಿದ್ದರೂ ತೋಡಿ ತೆಗೆದ ಗುಡಿಗಳಿವೆ, ಅಲಮೇಲಮ್ಮನ ಶಾಪದ ಕಥೆಯಿದೆ, ಚುರುಮುರಿಯೂ ಸಿಗುತ್ತದೆ.

ಎಚ್.ಡಿ. ಕೋಟೆ ತಾಲ್ಲೂಕಿನ ಕಿತ್ತೂರು ಹಾಗಲ್ಲ. ಇದು ಪುನ್ನಾಟ ಅರಸರ ಕೀರ್ತಿಪುರ. 2ನೇ ಶತಮಾನದ ಟಾಲೆಮಿ ಬರೆದ, ಬೆರಿಲ್ ಹರಳು ಸಿಗುವ ‘ಪೌನ್ನಾಟ’ ಈ ಸೀಮೆಯೇ ಎನ್ನುತ್ತಾರೆ ವಿದ್ವಾಂಸರು. 1974ರಲ್ಲಿ ಬೀಚನಹಳ್ಳಿಯ ಅಣೆಕಟ್ಟು ಎದ್ದ ಮೇಲೆ ಹಳೆಯ ಊರು ಕಬಿನಿಯ ಹಿನ್ನೀರಿಗೆ ಸೇರಿತು. ಮರಳನ್ನಾದರೆ ತೋಡಬಹುದು, ಗದ್ದೆಗೆ ಹರಿಯುವ ನೀರನ್ನು ಬಸಿಯಿರಿ ಎಂದು ಯಾರು ಕೇಳಿಯಾರು?

ನಮ್ಮಲ್ಲೊಬ್ಬಳು, ಇತಿಹಾಸದ ವಿದ್ಯಾರ್ಥಿನಿ, ‘ಇಲ್ಲಿ ನೋಡೋದೇನು?’ ಎಂದಳು. ನೀರಿನತ್ತ ಕೈ ತೋರಿಸಿದೆ. ಫೋಟೊ ತೆಗೆಯದೆ ಬಹಳ ಹೊತ್ತು ನಿಂತಳು.