ಶಾಲು ಯಾರ ಹೆಗಲಿಗೆ?

ರಾಜ್ಯೋತ್ಸವ ಬಂತೆಂದರೆ ಹೈದರಾಬಾದಿನ ಕನ್ನಡ ಸಂಘಗಳಲ್ಲಿ ಹಾಡು, ನಾಟಕ, ಹೋಳಿಗೆ ಊಟ, ಜೊತೆಗೆ ಸಮಾಜಸೇವಕರಿಗೆ ಸನ್ಮಾನ.

1956ರ ನವೆಂಬರ್ 1ರವರೆಗೆ ಬೀದರ, ಕಲಬುರಗಿ, ರಾಯಚೂರಿನವರಿಗೆ ಹೈದರಾಬಾದೇ ರಾಜಧಾನಿ. ಗಡಿ ಬದಲಾಯಿತು, ಕಾಯಿಲೆ ಬಿದ್ದಾಗ ಹಿಡಿಯುವ ದಾರಿ ಬದಲಾಗಲಿಲ್ಲ. ಬೀದರಿನಿಂದ ಹೈದರಾಬಾದು ಸುಮಾರು 140 ಕಿ.ಮೀ.; ಬೆಂಗಳೂರು ಅದರ ನಾಲ್ಕೈದು ಪಟ್ಟು ದೂರ. ಹಾಗಾಗಿ ಪಂಜಾಗುಟ್ಟದ ನಿಮ್ಸ್ ಆಸ್ಪತ್ರೆಯ ಸಾಲಿನಲ್ಲಿ ಇಂದಿಗೂ ಆ ಸೀಮೆಯ ಕನ್ನಡ ಕಿವಿಗೆ ಬೀಳುತ್ತದೆ.

ಹಾಗೆ ಬಂದ ರೋಗಿಗಳಿಗೆ ಓಪಿ ಚೀಟಿ ಮಾಡಿಸಿಕೊಡುವವರು, ಡಾಕ್ಟರು ತೆಲುಗಿನಲ್ಲಿ ಹೇಳಿದ್ದನ್ನು ತಿಳಿಸಿ ಹೇಳುವವರು, ರಕ್ತದಾನಿಗಳನ್ನು ಹುಡುಕುವವರು, ರಾತ್ರಿ ರೊಟ್ಟಿ-ಪಲ್ಯದ ಡಬ್ಬಿ ಕಟ್ಟಿ ಕಳಿಸುವವರು ನಮ್ಮ ನಡುವೆಯೇ ಇದ್ದಾರೆ. ಸಮಾರಂಭದಲ್ಲಿ ಅವರು ಸಿಗುವುದು ಹಿಂದಿನ ಸಾಲಿನಲ್ಲಿ, ಇಲ್ಲವೇ ಬಡಿಸುವ ಕಡೆ.

ದೇಣಿಗೆ ಕೊಟ್ಟವರಿಗೆ ಶಾಲು ಹೊದಿಸುವುದು ತಪ್ಪೇನಲ್ಲ. ಸಂಘ ನಡೆಯಲು ದುಡ್ಡೂ ಬೇಕು. ಆದರೆ ಸನ್ಮಾನಿತರ ಪಟ್ಟಿ ಮಾಡುವ ಮುಂಚೆ ಪದಾಧಿಕಾರಿಗಳು ಊರಿಗೊಂದು ಫೋನು ಹಚ್ಚಿ ಕೇಳಲಿ: "ಇಲ್ಲಿ ದವಾಖಾನಿಗೆ ಬಂದಾಗ ನಿಮಗ ಯಾರು ಆಸರಾದ್ರು?"

ಅರ್ಧ ಪಟ್ಟಿ ಅಲ್ಲೇ ತಯಾರಾಗುತ್ತದೆ.