ಹರವಿಯ ನೀರೂ ಗಣಕಯಂತ್ರದ ಹಾಳೆಯೂ

ಹಳೆಯ ಕ್ರಮದಲ್ಲಿ ಕಾವ್ಯ, ವ್ಯಾಕರಣ, ಛಂದಸ್ಸುಗಳನ್ನು ಓದಿ ವಿದ್ವಾನ್ ಪದವಿ ಪಡೆದ ನನಗೂ ಐದನೆಯ ತರಗತಿಯ ವಿಜ್ಞಾನಕ್ಕೂ ಏನು ಸಂಬಂಧವೆಂದು ನಮ್ಮ ಹಳೆಯ ವಿದ್ಯಾರ್ಥಿಗಳು ಕೇಳಬಹುದು. ಸಂಬಂಧವನ್ನು ಕಲ್ಪಿಸಿದವರು ಶಾಲೆಯ ವಿಜ್ಞಾನದ ಗುರುಮಾತೆಯವರು. ದಾನಿಗಳು ದಯಪಾಲಿಸಿದ ಗಣಕಯಂತ್ರಗಳಲ್ಲಿ ಮಕ್ಕಳು ಬಿಡಿಸಬೇಕಾದ ಅಭ್ಯಾಸ ಹಾಳೆಗಳನ್ನು ಅವರು ಸಿದ್ಧಪಡಿಸುತ್ತಿದ್ದರು; ಭಾಷೆಯನ್ನು ತಿದ್ದಿಕೊಡಬೇಕೆಂದು ಕೇಳಿದರು.

ಮೊದಲು ಸಮಸ್ಯೆ, ಅನಂತರ ಪಾಠ ಎಂಬುದು ಈ ಹಾಳೆಗಳ ಕ್ರಮ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯವು 1969ರಲ್ಲಿ ವೈದ್ಯವಿದ್ಯಾರ್ಥಿಗಳಿಗೆ ರೋಗಿಯ ತೊಂದರೆಯನ್ನೇ ಮೊದಲು ಮುಂದಿಟ್ಟು ಕಲಿಸತೊಡಗಿದ ಬಳಿಕ ಈ ಪದ್ಧತಿ ಹರಡಿತಂತೆ. ನನಗೆ ಇದು ತೀರ ಹೊಸದೆನಿಸಲಿಲ್ಲ. ನ್ಯಾಯಶಾಸ್ತ್ರವು ಸಂಶಯವನ್ನು ತನ್ನ ಹದಿನಾರು ಪದಾರ್ಥಗಳಲ್ಲಿ ಒಂದಾಗಿ ಎಣಿಸಿಲ್ಲವೆ?

ಮೊದಲ ಹಾಳೆಯಲ್ಲಿ "ಬಾಷ್ಪೀಕರಣದಿಂದ ಮಣ್ಣಿನ ಪಾತ್ರೆಯ ನೀರು ಹೇಗೆ ತಂಪಾಗುತ್ತದೆ?" ಎಂದಿತ್ತು. ಪ್ರಶ್ನೆಯೇ ಉತ್ತರವನ್ನು ನುಡಿದುಬಿಟ್ಟರೆ ಕೂಸಿಗೆ ಉಳಿಯುವುದೇನು? ಆ ವಾಕ್ಯವನ್ನು ಹೊಡೆದುಹಾಕಿ ಹೀಗೆ ಬರೆದೆನು: "ಒಂದೇ ಬಾವಿಯ ನೀರನ್ನು ಮುಂಜಾನೆ ಹರವಿಗೂ ಸ್ಟೀಲಿನ ಕೊಡಕ್ಕೂ ತುಂಬಿದರು. ಮಧ್ಯಾಹ್ನ ಹರವಿಯ ನೀರು ತಣ್ಣಗಿದೆ, ಕೊಡದ್ದು ಇಲ್ಲ. ಏಕೆ?" ಹರವಿಯ ಸೂಕ್ಷ್ಮ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಗ್ರಾಮಿಗೆ ಸುಮಾರು 580 ಕ್ಯಾಲೊರಿಯಷ್ಟು ಶಾಖವನ್ನು ಸೆಳೆದೊಯ್ಯುತ್ತದೆ ಎಂಬುದು ಕೊನೆಗೆ ಬರಬೇಕಾದ ಮಾತು; ಬಾಷ್ಪೀಕರಣವೆಂಬ ಸಂಜ್ಞೆಯೂ ಆಗಲೇ ಬರಲಿ.

ಪ್ರಶ್ನೆಯ ಕೆಳಗೆ ನಾಲ್ಕು ಉತ್ತರಗಳಿದ್ದವು, ಒಂದನ್ನು ಒತ್ತಬೇಕು. ಒಬ್ಬ ಹುಡುಗಿ ಯಾವುದನ್ನೂ ಒತ್ತದೆ ಕುಳಿತಳು. ಯಂತ್ರವು ಕೆಂಪಕ್ಷರದಲ್ಲಿ 'ತಪ್ಪು' ಎಂದಿತು. ವಿಚಾರಿಸಲು, "ನಮ್ಮನ್ಯಾಗಿನ ಹಳೇ ಹರವ್ಯಾಗ ನೀರು ತಣ್ಣಗ ಆಗಂಗಿಲ್ರಿ ಸರ್, ಅದನ್ನ ಎಲ್ಲಿ ಬರೀಲಿ?" ಎಂದಳು.

ನಾಲ್ಕರಲ್ಲಿ ಆ ಮಾತಿಗೆ ಸ್ಥಳವೇ ಇರಲಿಲ್ಲ. ಗುರುಮಾತೆಯವರು ದಾಸೋಹದ ಅಡುಗೆಮನೆಯಿಂದ ಹಳೆಯದೊಂದನ್ನೂ ಕುಂಬಾರರಿಂದ ಹೊಸದೊಂದನ್ನೂ ತರಿಸಿ ತಾಪಮಾಪಕಗಳನ್ನು ಇಳಿಬಿಟ್ಟರು. ಮಧ್ಯಾಹ್ನಕ್ಕೆ ಹುಡುಗಿಯ ಮಾತೇ ನಿಂತಿತು. ಗಡಸು ನೀರಿನ ಲವಣವು ವರ್ಷಾನುಗಟ್ಟಲೆ ಕಟ್ಟಿ ರಂಧ್ರಗಳನ್ನು ಮುಚ್ಚಿದರೆ ಹರವಿಗೂ ಕೊಡಕ್ಕೂ ಹೆಚ್ಚು ಭೇದವಿಲ್ಲ.

ಅಂದಿನಿಂದ ನಮ್ಮಿಬ್ಬರಲ್ಲಿ ವಾದವೆದ್ದಿದೆ. ಮಕ್ಕಳು ತಮ್ಮ ಮಾತಿನಲ್ಲಿ ಬರೆಯಲು ಖಾಲಿ ಚೌಕವೊಂದು ಇರಲೇಬೇಕೆಂಬುದು ನನ್ನ ಪಟ್ಟು. "ಯಂತ್ರ ತಕ್ಷಣ ಸರಿ ತಪ್ಪು ಹೇಳುತ್ತದೆಂದೇ ಅದನ್ನು ತಂದದ್ದು. ನಲವತ್ತು ಮಕ್ಕಳ ಚೌಕಗಳನ್ನು ಓದುವವರು ಯಾರು, ಪಂಡಿತರೆ?" ಎಂದು ಅವರು. ಅವರ ಆಕ್ಷೇಪದಲ್ಲಿ ಹುರುಳಿದೆ. ಅಧ್ಯಾಪಕರ ವೇಳೆ ದಾನವಾಗಿ ಬರುವ ವಸ್ತುವಲ್ಲ. ಸದ್ಯಕ್ಕೆ ತಾಪಮಾಪಕವನ್ನು ಓದುವಂಥ ಮೂರು ಪ್ರಶ್ನೆಗಳು ಯಂತ್ರದ ಪಾಲಿಗೆ, ಕೊನೆಯ ಚೌಕ ನಮ್ಮ ಪಾಲಿಗೆ. ಶನಿವಾರ ಅರ್ಧವನ್ನು ನಾನು ಓದುತ್ತೇನೆ. ಕಾಗುಣಿತ ತಿದ್ದುವ ಕೈಯನ್ನು ತಡೆದುಕೊಳ್ಳುವುದು ನನ್ನಂಥವನಿಗೆ ಸುಲಭವಲ್ಲ!

ಕಳೆದ ವಾರ ಅದೇ ಹುಡುಗಿ ಚೌಕದಲ್ಲಿ ಬರೆದಿದ್ದಳು: "ಮಳಿಗಾಲದಾಗ ಹೊಸ ಹರವಿನೂ ಯಾಕ ತಣ್ಣಗ ಆಗಂಗಿಲ್ಲ?" ಮುಂದಿನ ಹಾಳೆ ಅದರ ಮೇಲೆಯೇ ಸಿದ್ಧವಾಗುತ್ತಿದೆ.